ಫ್ರಾಂಚೈಸಿ ಅಂಗಡಿ ಹಿಡಿಯುವ ಮುನ್ನ

ಕೆಲಮಂಗಲ, ಬಾಗಲೂರು ಕಡೆಯ ರೈತರ ಮಕ್ಕಳಲ್ಲಿ ಈಚೆಗೆ ಒಂದು ಯೋಚನೆ ಬಲವಾಗಿದೆ. ಟೊಮೇಟೊ ಬೆಲೆಯನ್ನು ನಂಬಿ ಕೂರುವುದಕ್ಕಿಂತ ಹೆಸರಾದ ಕಂಪನಿಯೊಂದರ ಅಂಗಡಿ ಹಿಡಿದರೆ ದಿನವೂ ಕಾಸು ಕಾಣಬಹುದಲ್ಲವೆ, ಎಂದು. ಈ ಏರ್ಪಾಟಿಗೆ ಫ್ರಾಂಚೈಸಿ ಎನ್ನುತ್ತಾರೆ. ಹೆಸರು, ಸರಕು, ಮಾರುವ ಕ್ರಮ ಕಂಪನಿಯದು. ಮಳಿಗೆ, ಬಂಡವಾಳ, ದುಡಿಮೆ ನಮ್ಮದು.

ಇದರಲ್ಲಿ ಹುರುಳಿಲ್ಲವೆನ್ನಲಾಗದು. 1970ರಲ್ಲಿ ಆರ್. ಜಿ. ಚಂದ್ರಮೋಗನ್ ಎಂಬುವರು ಮದರಾಸಿನ ರಾಯಪುರದಲ್ಲಿ 13,000 ರೂಪಾಯಿ ಬಂಡವಾಳ ಹಾಕಿ ಐಸ್‌ಕ್ರೀಮ್ ಮಾಡತೊಡಗಿದರು. ಪಟ್ಟಣದಲ್ಲಿ ದೊಡ್ಡ ಕಂಪನಿಗಳ ಎದುರು ನಿಲ್ಲುವುದು ಕಷ್ಟವಾದಾಗ ಸಣ್ಣ ಊರುಗಳತ್ತ ತಿರುಗಿ, ಅಲ್ಲಲ್ಲಿನವರಿಗೇ ಅಂಗಡಿಗಳನ್ನು ವಹಿಸಿದರು. ಅದೇ ಅರುಣ್ ಐಸ್‌ಕ್ರೀಮ್. ಅದರ ಒಡೆತನದ ಹಟ್ಸನ್ ಸಂಸ್ಥೆ ಇಂದು ರೈತರ ಹಾಲನ್ನೂ ಕೊಳ್ಳುತ್ತದೆ. ಹೊಸ ಅಂಗಡಿಯವನಿಗೆ ಗಿರಾಕಿಯ ನಂಬಿಕೆ ಗಳಿಸಲು ವರ್ಷಗಳು ಬೇಕು. ಹೆಸರಾದ ಬೋರ್ಡಿಗೆ ಅದು ಮೊದಲ ದಿನವೇ ದೊರೆಯುತ್ತದೆ. ನಾವು ಹಣ ತೆರುವುದು ಅದಕ್ಕಾಗಿಯೇ.

ಆದರೆ ಲೆಕ್ಕ ಹಾಕದೆ ಕೈಯಿಡಬಾರದು. ಉದಾಹರಣೆಗೆ, ನೂರು ರೂಪಾಯಿ ಮಾರಾಟಕ್ಕೆ ಹತ್ತು ರೂಪಾಯಿ ಉಳಿಯುವುದೆಂದು ಇಟ್ಟುಕೊಳ್ಳೋಣ. ತಿಂಗಳಿಗೆ ಬಾಡಿಗೆ 8,000, ಕರೆಂಟು 4,000, ಆಳಿನ ಸಂಬಳ 12,000 ಆದರೆ ಖರ್ಚು 24,000 ರೂಪಾಯಿ. ಇದು ಹುಟ್ಟಬೇಕಾದರೆ ದಿನಕ್ಕೆ 8,000 ರೂಪಾಯಿ ವ್ಯಾಪಾರವಾಗಬೇಕು. ಯಜಮಾನನ ಕೂಲಿ, ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಮೇಲೆ ನಮ್ಮ ಹೊಸೂರಿನ ಧನುರ್ಮಾಸದ ಚಳಿ! ಆಗ ಐಸ್‌ಕ್ರೀಮ್ ಕೇಳುವವರಾರು? ಫ್ರೀಜರ್ ಮಾತ್ರ ಹಗಲಿರುಳೂ ಓಡುತ್ತಲೇ ಇರಬೇಕು. ಹಾಲು, ಮೊಸರು, ತುಪ್ಪವನ್ನೂ ಮಾರಲು ಒಪ್ಪಿಗೆಯುಳ್ಳ ಅಂಗಡಿಯೇ ಈ ಕಡೆಗೆ ಮೇಲೆಂದು ನಮ್ಮ ಎಣಿಕೆ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಮುಂತಾದವೇ ಆಧಾರ. ಆದುದರಿಂದ ಕರಾರುಪತ್ರದಲ್ಲಿ ಬರೆದುದೇ ಮುಖ್ಯ. ಬಾಯಿಮಾತಿನ ಭರವಸೆಯನ್ನು ಆಮೇಲೆ ರುಜುವಾತು ಮಾಡುವುದು ಕಷ್ಟ. ಪತ್ರವೋ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಪರಿಚಯದ ವಕೀಲರಿಂದ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ರುಜು ಹಾಕತಕ್ಕದ್ದು. ಅದೇ ಬೀದಿಯಲ್ಲಿ ಇನ್ನೊಬ್ಬರಿಗೂ ಅಂಗಡಿ ಕೊಡುವರೇ? ಮಾರದೆ ಉಳಿದ ಸರಕು ಯಾರ ತಲೆಗೆ? ಬಿಟ್ಟುಬಿಡುವಾಗ ಠೇವಣಿ ಎಷ್ಟು ದಿನದಲ್ಲಿ ಕೈಸೇರುತ್ತದೆ? ಈ ಮೂರಕ್ಕೂ ಉತ್ತರ ಪತ್ರದಲ್ಲೇ ಇರಬೇಕು.

ದೊಡ್ಡ ಕಂಪನಿಗಳ ಹೆಸರು ಹೇಳಿ ಫೋನಿನಲ್ಲೇ ಮುಂಗಡ ಕೇಳುವ ಮೋಸಗಾರರೂ ಇದ್ದಾರೆ. ಕಂಪನಿಯ ಕಚೇರಿಗೆ ಖುದ್ದಾಗಿ ಹೋಗಿ ವಿಚಾರಿಸಿ, ಈಗಾಗಲೇ ಅಂಗಡಿ ನಡೆಸುತ್ತಿರುವ ಇಬ್ಬರು ಮೂವರನ್ನು ಮಾತನಾಡಿಸುವವರೆಗೆ ಒಂದು ಕಾಸೂ ಕಳುಹಿಸಬೇಡಿರಿ.