ಡಯಾಲಿಸಿಸ್ ಶುರುವಾದ ಮೇಲೂ ಸಕ್ಕರೆಯ ಮೇಲೆ ಕಣ್ಣಿರಲಿ



ನಮ್ಮ ದೇಹ ಅಲ್ಲಾಹನು ವಹಿಸಿಕೊಟ್ಟ ಅಮಾನತ್. ಕಾಯಿಲೆ ಬಂದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಹೋಗುವವರು ಇಂದು ನಮ್ಮ ಜಮಾಅತ್‌ಗಳಲ್ಲೂ ಇದ್ದಾರೆ. ಸಾಮಾನ್ಯವಾಗಿ ವಾರಕ್ಕೆ 3 ದಿನ, ಪ್ರತಿ ಸಲ ಸುಮಾರು 4 ಗಂಟೆ ಅವರು ಯಂತ್ರದ ಪಕ್ಕ ಮಲಗಿರಬೇಕು. ಮನೆಯವರ ಗಮನವೆಲ್ಲ ಕಿಡ್ನಿಯ ಕಡೆ ಹೋಗಿ, ಮೂಲ ಕಾಯಿಲೆ ಮರೆತುಹೋಗುತ್ತದೆ. ಡಯಾಲಿಸಿಸ್ ರಕ್ತವನ್ನು ಶುದ್ಧಗೊಳಿಸುತ್ತದೆ, ಸಕ್ಕರೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ.

ಇಲ್ಲಿ ಸಕ್ಕರೆ ಏರುವುದಷ್ಟೇ ಅಲ್ಲ, ಇಳಿಯುವುದೂ ದೊಡ್ಡ ಅಪಾಯ. ದೇಹದಿಂದ ಇನ್ಸುಲಿನನ್ನು ಹೊರಹಾಕುವ ಕೆಲಸದಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತಾಗ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಅತಿಯಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಮೆಟ್‌ಫಾರ್ಮಿನ್‌ನಂತಹ ಮಾತ್ರೆಗಳನ್ನು ಈ ಹಂತದಲ್ಲಿ ಕೊಡುವುದಿಲ್ಲ. ಆದ್ದರಿಂದ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತೋರಿಸಿ, ಡಯಾಲಿಸಿಸ್ ದಿನ ಎಷ್ಟು ಇನ್ಸುಲಿನ್ ಎಂದು ಕೇಳಿ. ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ರಕ್ತಹೀನತೆ ಮತ್ತು ಅದಕ್ಕೆ ಕೊಡುವ ಇಂಜೆಕ್ಷನ್‌ಗಳಿಂದಾಗಿ ಇವರಲ್ಲಿ ನಿಜಕ್ಕಿಂತ ಕಡಿಮೆ ತೋರಿಸಬಹುದು. ಹಾಗಾಗಿ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರ್‌ನಲ್ಲಿ ನೋಡುವುದು, ಬರೆದಿಡುವುದು ಮುಖ್ಯ.

ರೋಗಿಯ ಸಂದರ್ಶನ ಪುಣ್ಯಕಾರ್ಯ. ಆದರೆ ನಾವು ಒಯ್ಯುವ ಎಳನೀರು, ಖರ್ಜೂರ, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಡಯಾಲಿಸಿಸ್ ರೋಗಿಯ ಹೃದಯಕ್ಕೆ ಅದು ಅಪಾಯ. ಸಕ್ಕರೆ 70ಕ್ಕಿಂತ ಇಳಿದು ಬೆವರು, ನಡುಕ ಬಂದರೆ ಎಳನೀರು ಬೇಡ. 3 ಟೀ ಚಮಚ ಸಕ್ಕರೆಯನ್ನು ಸ್ವಲ್ಪವೇ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಧಾವಿಸಿ.

ಇವರಿಗೆ ಕಾಲಿನ ಸ್ಪರ್ಶಜ್ಞಾನ ಕಡಿಮೆ, ಗಾಯವಾದರೆ ಬೇಗ ಮಾಯುವುದಿಲ್ಲ. ವುಝೂ ಮಾಡುವಾಗ ಪಾದವನ್ನು ನೋಡುವ ಅವಕಾಶ ದಿನಕ್ಕೆ ಹಲವು ಬಾರಿ ಸಿಗುತ್ತದೆ. ನೀರು ಬಿಸಿಯಿದೆಯೇ ಎಂದು ಮನೆಯವರು ಮುಟ್ಟಿ ನೋಡಲಿ. ಕಾಲ್ಬೆರಳ ಸಂದುಗಳನ್ನು ಒರೆಸಿ ಒಣಗಿಸಲಿ. ಸಣ್ಣ ಗುಳ್ಳೆ ಕಂಡರೂ ವೈದ್ಯರಿಗೆ ತೋರಿಸಲಿ.

ರಮಝಾನ್ ಬಂದಾಗ ಉಪವಾಸ ಹಿಡಿಯಲೇಬೇಕೆಂದು ಹಟ ಹಿಡಿಯುವವರಿದ್ದಾರೆ. ಸೂರಃ ಅಲ್‌ಬಕರಾದ 184 ಮತ್ತು 185ನೇ ವಚನಗಳಲ್ಲಿ ಅಲ್ಲಾಹನೇ ರೋಗಿಗೆ ರಿಯಾಯಿತಿ ಕೊಟ್ಟಿದ್ದಾನೆ. ಗುಣವಾಗುವ ನಿರೀಕ್ಷೆಯಿಲ್ಲದವರು ಒಂದೊಂದು ಉಪವಾಸಕ್ಕೆ ಒಬ್ಬ ಬಡವನಿಗೆ ಉಣಿಸುವ ಫಿದ್ಯಾ ಕೊಡಲಿ. ಅವನ ರಿಯಾಯಿತಿಯನ್ನು ಸ್ವೀಕರಿಸುವುದೂ ವಿಧೇಯತೆಯೇ.

ಸರಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸೌಲಭ್ಯವಿದೆ. ಆದರೆ ಗ್ಲುಕೋಮೀಟರ್ ಪಟ್ಟಿಗಳಿಗೆ, ಹೋಗಿಬರುವ ವಾಹನಕ್ಕೆ ಹಣ ಬೇಕು. ಜಮಾಅತ್‌ನ ಸದಕಾ ನಿಧಿ ಇಲ್ಲಿ ಒದಗಲಿ. ನಮ್ಮ ರೋಗಿಗಳಿಗೆಲ್ಲ ಅಲ್ಲಾಹನು ಶಿಫಾ ಕರುಣಿಸಲಿ, ಆಮೀನ್.