ಹಿತ್ತಾಳೆಯ ತಗಡು ಕೊಳ್ಳುವ ಮುನ್ನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ದೇಗುಲ, ದೈವಸ್ಥಾನಗಳ ಬಾಗಿಲಿಗೆ ಹಿತ್ತಾಳೆಯ ಕವಚ ಹೊದಿಸುವ ಕಾರ್ಯವು ತಗಡಿನ ಆಯ್ಕೆಯಿಂದಲೇ ಆರಂಭವಾಗುತ್ತದೆ. ಬೇಕಾದ ದಪ್ಪದ ತಗಡು ಊರ ಪೇಟೆಯಲ್ಲಿ ದೊರೆಯದಿದ್ದರೆ ಮಂಗಳೂರಿನ ಲೋಹವ್ಯಾಪಾರಿಗಳನ್ನು ಅರಸಬೇಕಾಗುತ್ತದೆ. ಅವಸರದಿಂದ ಸಿಕ್ಕಿದ್ದನ್ನೇ ಕೊಂಡರೆ ಭಕ್ತರ ಕಾಣಿಕೆ ವ್ಯರ್ಥವಾದೀತು.

ಆದುದರಿಂದ ನಾವು ಕೆಲವು ಮಾತುಗಳನ್ನು ನೆನಪಿಸಬಯಸುತ್ತೇವೆ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ. ದಪ್ಪವನ್ನು ಮಿಲಿಮೀಟರಿನಲ್ಲಿಯೇ ಕೇಳಬೇಕು. 1 ಮಿ.ಮೀ. ದಪ್ಪದ 1 ಚದರ ಮೀಟರ್ ತಗಡು ಸುಮಾರು 8.5 ಕಿಲೋ ತೂಗುತ್ತದೆ; ತಕ್ಕಡಿಯೇ ಸಾಕ್ಷಿ. ಅಯಸ್ಕಾಂತ ಅಂಟಿದರೆ ಒಳಗಿರುವುದು ಕಬ್ಬಿಣ. ಉಬ್ಬುಚಿತ್ತಾರಕ್ಕೆ ಮೃದುವಾದ ತಗಡೇ ಬೇಕು. ಬಡಿದಂತೆಲ್ಲ ಅದು ಗಡುಸಾಗುವುದರಿಂದ ನಡುನಡುವೆ ಕಾಯಿಸಿ ಹದಗೊಳಿಸದಿದ್ದರೆ ಬಿರಿಯುತ್ತದೆ.

ಹಳೆಯ ಕವಚವನ್ನು ಗುಜರಿಗೆ ಹಾಕುವ ಮೊದಲು ಬಲ್ಲ ಶಿಲ್ಪಿಗೆ ತೋರಿಸಿರಿ. ಕರಗಿಹೋದ ಚಿತ್ತಾರವನ್ನು ಯಾವ ಅಂಗಡಿಯೂ ಮರಳಿ ಕೊಡಲಾರದು.