ಮುದ್ದೆಯ ಲೆಕ್ಕ: ಒಂದಕ್ಕೆ 4 ರೂಪಾಯಿ 89 ಪೈಸೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಮನೆಗಳಲ್ಲಿ ಆಳಿಗೊಂದು ಮುದ್ದೆ ಎಂದರೆ ಸುಮಾರು 100 ಗ್ರಾಂ ಹಿಟ್ಟು ಎಂದು ಹಿಡಿಯೋಣ. 2025-26ರಲ್ಲಿ ರಾಗಿಯ ಬೆಂಬಲ ಬೆಲೆ, ಅಂದರೆ ರೈತರಿಂದ ಕೊಳ್ಳಲು ಸರ್ಕಾರ ಮೊದಲೇ ಸಾರುವ ದರ, ಕ್ವಿಂಟಲ್‌ಗೆ 4,886 ರೂ. ಆ ಲೆಕ್ಕಕ್ಕೆ ಒಂದು ಮುದ್ದೆಯ ರಾಗಿಗೆ 4 ರೂ. 89 ಪೈಸೆ. ಅಂಗಡಿಯ ಲಾಭ, ಗಿರಣಿ ಕೂಲಿ, ಗ್ಯಾಸ್ ಇದರಲ್ಲಿ ಸೇರಿಲ್ಲ.

ಇದೇ ರಾಗಿಗೆ 2017-18ರಲ್ಲಿ ಇದ್ದದ್ದು 1,900 ರೂ. ಮರುವರ್ಷ ಒಂದೇ ಏಟಿಗೆ 2,897ಕ್ಕೆ ಏರಿತು. ಎಂಟು ವರ್ಷದ ಒಟ್ಟು ಏರಿಕೆ ಶೇ 157. ಸಾಮಾನ್ಯ ಭತ್ತ ಅದೇ ಅವಧಿಯಲ್ಲಿ 1,550ರಿಂದ 2,369ಕ್ಕೆ ಹೋಯಿತು. ಏರಿಕೆ ಶೇ 53. 2025-26ರ ಒಂದು ವರ್ಷದ ಏರಿಕೆಯನ್ನೇ ನೋಡಿದರೆ ರಾಗಿ 596 ರೂ. (ಶೇ 13.9), ಭತ್ತ 69 ರೂ. (ಶೇ 3). ಬೆಳೆಯುವವರಿಗೆ ಇದು ನ್ಯಾಯವೇ: 2025-26ಕ್ಕೆ ಸರ್ಕಾರ ಲೆಕ್ಕ ಹಾಕಿದ ಉತ್ಪಾದನಾ ವೆಚ್ಚ ಕ್ವಿಂಟಲ್‌ಗೆ 3,257 ರೂ., ಅದರ ಮೇಲೆ ಶೇ 50 ಸೇರಿದರೆ ಈ ಬೆಲೆ. ಕೊಂಡು ಉಣ್ಣುವವರ ಲೆಕ್ಕ ಬೇರೆ.

ನಾಲ್ವರ ಮನೆಯಲ್ಲಿ ದಿನಕ್ಕೊಂದು ಹೊತ್ತು ಮುದ್ದೆಯಾದರೆ ತಿಂಗಳಿಗೆ 12 ಕೆ.ಜಿ. ರಾಗಿ ಬೇಕು. 2025-26ರ ಬೆಂಬಲ ಬೆಲೆಯಲ್ಲಿ ಅದು 586 ರೂ.; 2017-18ರ ದರದಲ್ಲಿ 228 ರೂ. ಇತ್ತು. ಎದುರಿಗಿರುವುದು ತಮಿಳುನಾಡಿನ ಪಡಿತರ ಅಕ್ಕಿ. 2011ರ ಜೂನ್‌ನಿಂದ ಅದರ ಬೆಲೆ ಸೊನ್ನೆ. ಮುದ್ದೆ ಕಡಿಮೆಯಾಯಿತೆಂದು ರುಚಿಯನ್ನೋ ಹೊಸ ಪೀಳಿಗೆಯನ್ನೋ ದೂರುವವರು ಮೊದಲು ಈ ಸೊನ್ನೆಯನ್ನು ನೋಡಬೇಕು.

ಎಸರಿಗೆ ಅಕ್ಕಿ ನುಚ್ಚು ಹಾಕಿ, ಬೆಂದ ಮೇಲೆ ಹಿಟ್ಟು ಸುರಿದು ಕೋಲಿನಲ್ಲಿ ತೊಳಸುವ ರೂಢಿ ಇಲ್ಲಿನ ತಮಿಳು, ತೆಲುಗು ಮನೆಗಳಲ್ಲೂ ಉಂಟು. ನಾಲ್ಕನೇ ಒಂದು ಪಾಲು ಪಡಿತರ ಅಕ್ಕಿಯಾದರೆ ರಾಗಿ 9 ಕೆ.ಜಿ.ಗೆ, ಖರ್ಚು 440 ರೂ.ಗೆ ಇಳಿಯುತ್ತದೆ. ಉಳಿತಾಯ ಶೇ 25.

ಆದರೆ ಸುಣ್ಣದಂಶವೂ ಅಷ್ಟೇ ಇಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿ.ಗ್ರಾಂ., ಪಾಲಿಶ್ ಅಕ್ಕಿಯಲ್ಲಿ 7.5. ನುಚ್ಚು ಬೆರೆತ ಮುದ್ದೆಯಲ್ಲಿ 275. ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ. ಬೇಕು. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಂ ಮೈಗೆ ಹಿಡಿಯದಂತೆ ತಡೆಯುವುದರಿಂದ ದಕ್ಕುವುದು ಇನ್ನೂ ಕಡಿಮೆ. ಮೊಳಕೆ ಕಟ್ಟಿದರೆ ಆ ತಡೆ ತಗ್ಗುತ್ತದೆ.

ಪ್ರೋಟೀನಿನಲ್ಲಿ ರಾಗಿಗೆ ಮೇಲುಗೈ ಇಲ್ಲ: ರಾಗಿ 7.2 ಗ್ರಾಂ, ಅಕ್ಕಿ 7.9. ಆ ಕೊರತೆ ತುಂಬುವುದು ಸಾರು. ಹುರುಳಿಯಲ್ಲಿ 21.7 ಗ್ರಾಂ ಇದೆ. ತಲೆಗೆ 25 ಗ್ರಾಂ ಕಾಳು ಬಿದ್ದರೆ 5.4 ಗ್ರಾಂ ಸೇರುತ್ತದೆ.

2023ರಲ್ಲಿ ತಮಿಳುನಾಡು ಸರ್ಕಾರ ಪಡಿತರದಲ್ಲಿ 2 ಕೆ.ಜಿ. ಅಕ್ಕಿಯ ಬದಲು 2 ಕೆ.ಜಿ. ರಾಗಿ ಕೊಡಲು ಆರಂಭಿಸಿತು. 12 ಕೆ.ಜಿ.ಯ ಮನೆಗೆ ಇದು ಆರನೇ ಒಂದು ಪಾಲು, ತಿಂಗಳಿಗೆ 98 ರೂ. ಉಳಿತಾಯ, ನುಚ್ಚು ಬೆರೆಸುವ ಮನೆಗೆ ಖರ್ಚು 342 ರೂ.ಗೆ ಬರುತ್ತದೆ. ಮೊದಲ ಹಂತಕ್ಕೆ ಆಯ್ಕೆಯಾದವು ನೀಲಗಿರಿ ಮತ್ತು ಧರ್ಮಪುರಿ. ರಾಗಿ ಬೆಳೆಯುವ ಕೃಷ್ಣಗಿರಿ ಆ ಎರಡರಲ್ಲಿ ಇರಲಿಲ್ಲ.